ಏಕನಾಥರಾಯರ ನೂರಾ ಇಪ್ಪತ್ತು ಹರ್ಟ್ಸು

ಸಂಶಿಯ ಅಗಸಿ ಓಣಿಯ ಏಕನಾಥರಾವ್ ಗಲಗಲಿಯವರು ಹೈಸ್ಕೂಲಿನಲ್ಲಿ ಗುಮಾಸ್ತರು. ಅವರಿಗೆ ಯಾವ ದುರಭ್ಯಾಸವೂ ಇರಲಿಲ್ಲ. ಚಹಾಕ್ಕೆ ಕೂಡ ಸಕ್ಕರೆ ಕಡಿಮೆಯೇ. ಒಂದೇ ತೊಂದರೆಯೆಂದರೆ, ಯಾರಾದರೂ ಏನನ್ನಾದರೂ ವಿವರಿಸಲು ಬಾಯಿ ತೆರೆದ ಕೂಡಲೇ ಅವರು ಕೈಯೆತ್ತಿ "ಗೊತ್ತದ, ಗೊತ್ತದ" ಎನ್ನುತ್ತಿದ್ದರು. ವಿವರಿಸುವವರು ಅಲ್ಲಿಗೆ ನಿಲ್ಲಿಸುತ್ತಿದ್ದರು. ರಾಯರ ಜ್ಞಾನವೂ ಅಲ್ಲಿಗೇ ನಿಲ್ಲುತ್ತಿತ್ತು. ಐವತ್ತು ದಾಟುವವರೆಗೆ ಇದರಿಂದ ಅವರಿಗೆ ಯಾವ ಹಾನಿಯೂ ಆಗಲಿಲ್ಲ, ಏಕೆಂದರೆ ಅಲ್ಲಿಯವರೆಗೆ ಅವರು ಟಿವಿ ಕೊಳ್ಳಲು ಹೋಗಿರಲಿಲ್ಲ. ಮನೆಯಲ್ಲಿದ್ದ ಹಳೆಯ ಡಬ್ಬಿ ಟಿವಿ ಮಾವನವರು ಕೊಟ್ಟದ್ದು.

ಆ ಟಿವಿಯ ಚಿತ್ರ ಒಂದು ಸಂಜೆ ಎರಡೂ ಬದಿಯಿಂದ ಕುಗ್ಗತೊಡಗಿತು. ಸುದ್ದಿ ಓದುವ ಹೆಣ್ಣುಮಗಳು ನೋಡನೋಡುತ್ತ ಊದುಬತ್ತಿಯಷ್ಟು ತೆಳ್ಳಗಾದಳು. ರಾಯರ ತಾಯಿ ಭೀಮಾಬಾಯಿ ಮರುಗಿದರು.

"ಏಕನಾಥಾ, ಈ ಹುಡಿಗಿಗೆ ಮನ್ಯಾಗ ಊಟಾ ಹಾಕೂದಿಲ್ಲೇನೋ?"

ಊದುಬತ್ತಿ ಕೊನೆಗೆ ಒಂದು ಗೆರೆಯಾಯಿತು, ಗೆರೆ ಚುಕ್ಕೆಯಾಯಿತು, ಚುಕ್ಕೆ ಆರಿತು. ಹೆಂಡತಿ ವೃಂದಾ, "ಇನ್ನ ಹೊಸಾದು ತರೋತನಕ ನನ್ನ ಮುಂದ ಕ್ರಿಕೆಟ್ ಅನಬ್ಯಾಡ್ರಿ" ಎಂದು ಎದ್ದು ಹೋದಳು.

ಭಾನುವಾರ ರಾಯರು ಹುಬ್ಬಳ್ಳಿಗೆ ಹೊರಟರು. ಪಕ್ಕದ ಮನೆಯ ಮಡಿವಾಳೆಪ್ಪ ಕರೆಯದೆಯೇ ಜೊತೆಗೆ ಬಂದ. ಮಡಿವಾಳೆಪ್ಪನಿಗೆ ಕಪ್ಪು ಮಣ್ಣಿನ ಎರಿ ಹೊಲ ಇತ್ತು, ಟ್ರ್ಯಾಕ್ಟರ್ ಇತ್ತು, ಕಳೆದ ದೀಪಾವಳಿಗೆ ತಂದ ದೊಡ್ಡ ಟಿವಿ ಇತ್ತು. ಅಗಸಿ ಓಣಿಯಲ್ಲಿ ತನ್ನನ್ನು ಕೇಳದೆ ಯಾರೂ ಟಿವಿ ಕೊಳ್ಳಬಾರದೆಂಬುದು ಅವನ ಅಭಿಪ್ರಾಯ.

ಅಂಗಡಿಯಲ್ಲಿ ಗೋಡೆ ತುಂಬ ಟಿವಿಗಳು. ಎಲ್ಲದರಲ್ಲೂ ಒಂದೇ ಗಿಳಿ ಹಾರುತ್ತಿತ್ತು. ತೋರಿಸಲು ನಿಂತಿದ್ದ ನಾಜಮೀನ್ ಎಂಬ ಹೆಣ್ಣುಮಗಳು ಎರಡರ ಕಡೆ ಬೆರಳು ಮಾಡಿದಳು.

"ಸರ್, ಇದು ಅರವತ್ತು ಹರ್ಟ್ಸ್. ಅದು ನೂರಾ ಇಪ್ಪತ್ತು."

ರಾಯರು ಆ ಶಬ್ದವನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆದ್ದರಿಂದ ಬಹಳ ಹೊತ್ತು ತಲೆಯಾಡಿಸಿದರು. ಮಡಿವಾಳೆಪ್ಪನಿಗೆ ಅಂಥ ಮರ್ಯಾದೆಯ ಗೊಡವೆ ಇರಲಿಲ್ಲ.

"ಹಂಗಂದ್ರ ಏನಬೇ?"

"ರಿಫ್ರೆಶ್ ರೇಟ್ ರೀ ಕಾಕಾ. ಪರದೆ ಒಂದ ಸೆಕೆಂಡಿನ್ಯಾಗ ಎಷ್ಟ ಸಲ ಫ್ರೆಶ್ ಆಗ್ತೈತಿ ಅಂತ. ಜಾಸ್ತಿ ಇದ್ದಷ್ಟೂ ಬಾಲ್ ಓಡೂವಾಗ ಚಿತ್ರ ಕಲಸಂಗಿಲ್ಲ."

"ಹಂಗಾರ ನಮ್ಮ ಮನ್ಯಾಗಿಂದು ಎಷ್ಟೈತಿ?"

ಅವಳು ಕಂಪನಿ, ಅಳತೆ ಕೇಳಿ ಮೊಬೈಲಿನಲ್ಲಿ ನೋಡಿದಳು. "ಅರವತ್ತ್ರಿ."

ಮಡಿವಾಳೆಪ್ಪನ ಮುಖ ಹಳೆಯ ಟಿವಿಯ ಹಾಗೆ ಎರಡೂ ಬದಿಯಿಂದ ಕುಗ್ಗಿತು. ರಾಯರು ಅದನ್ನು ನೋಡಿದರು. ಪಕ್ಕದ ಮನೆಗೆ ಟ್ರ್ಯಾಕ್ಟರ್ ಬಂದಾಗ, ಕಬ್ಬಿಣದ ಗೇಟು ಬಂದಾಗ, ಮೇಲೆ ಇನ್ನೊಂದು ಅಂತಸ್ತು ಎದ್ದಾಗ, ಪ್ರತಿ ಸಲವೂ ಅವರು ಕಟ್ಟೆಯ ಮೇಲೆ ನಿಂತು "ಚಲೋ ಆತು, ಚಲೋ ಆತು" ಎಂದಿದ್ದರು. ಈಗ ಮಡಿವಾಳೆಪ್ಪನಿಗಿಂತ ಎರಡು ಪಟ್ಟು ದೊಡ್ಡವರಾಗುವ ಅವಕಾಶ ಎದುರಿನ ಗೋಡೆಯ ಮೇಲೆ ಗಿಳಿಯಾಗಿ ಹಾರುತ್ತಿತ್ತು.

"ನೂರಾ ಇಪ್ಪತ್ತರದ್ದ ಕಟ್ಟವಾ."

"ಸರ್, ಒಂದ ಮಾತು. ಇದರಾಗ ನೂರಾ ಇಪ್ಪತ್ತು ಅನ್ನೂದು ಮೋಶನ್ನಿಂದು. ಪ್ಯಾನೆಲ್ಲಿಂದು ಬ್ಯಾರೆ ಐತಿ. ಇಲ್ಲೆ ಸಣ್ಣ ಅಕ್ಷರದಾಗ..."

"ಗೊತ್ತದ, ಗೊತ್ತದ," ಎಂದರು ರಾಯರು.

ನಾಜಮೀನ್ ಟಿವಿ ಕಟ್ಟಿಕೊಟ್ಟಳು.

ಮನೆಯಲ್ಲಿ ಟಿವಿಯನ್ನು ಗೋಡೆಗೆ ಹಾಕಿಸಿ ರಾಯರು ತಾಯಿಗೆ ಅದರ ಮಹಿಮೆ ಹೇಳಿದರು. "ಅವ್ವಾ, ಇದು ಸೆಕೆಂಡಿಗೆ ನೂರಾ ಇಪ್ಪತ್ತು ಸಲ ಫ್ರೆಶ್ ಆಗ್ತದ."

"ಫ್ರೆಶ್ ಅಂದ್ರ? ನಿಮ್ಮ ಸೋದರಮಾವ ಊರಿಂದ ಬಂದ ಕೂಡ್ಲೇ ಬಚ್ಚಲಕ್ಕ ಹೋಗಿ ಆಗ್ತಾನಲ್ಲ, ಅದೇನು?"

"ಹೂಂ, ಒಂದ ನಮೂನಿ ಅದ."

ಭೀಮಾಬಾಯಿ ಎದ್ದು ನಿಂತರು. ಎಂಬತ್ತರ ಹತ್ತಿರ ಬಂದರೂ ಮಡಿ ಬಿಡದ ಜೀವ ಅದು. "ನಾ ಹುಟ್ಟಿದಾಗಿಂದ ಇವತ್ತಿನ ತನಕಾ ಮಾಡಿದ ಸ್ನಾನಾ ಎಲ್ಲಾ ಕೂಡಿಸಿದ್ರ ಇದರ ಒಂದ ಮುಂಜಾನಿಗೆ ಸಾಲೂದಿಲ್ಲಲ್ಲೋ! ಈ ಮನ್ಯಾಗ ಇದರಷ್ಟ ಮಡಿ ಯಾರದ್ದದ?"

ಅಂದಿನಿಂದ ಸ್ನಾನವಾಗದೆ ಟಿವಿಯನ್ನು ಯಾರೂ ಮುಟ್ಟುವಂತಿಲ್ಲ ಎಂದಾಯಿತು. ರಿಮೋಟು ಅವರ ಮಡಿಸೀರೆಯ ಪಕ್ಕದ ಗೂಟಕ್ಕೆ ಏರಿತು. ಸಂಜೆಯ ಧಾರಾವಾಹಿಗಾಗಿ ವೃಂದಾ ಎರಡನೆಯ ಸಲ ತಲೆಗೆ ನೀರು ಹಾಕಿಕೊಳ್ಳಬೇಕಾಯಿತು. ಕೂದಲು ಒರೆಸಿಕೊಳ್ಳುತ್ತ ಆಕೆ ಗಂಡನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

ಇಷ್ಟಕ್ಕೇ ಮುಗಿದಿದ್ದರೆ ಅದು ಒಂದು ಮನೆಯ ಕಷ್ಟವಾಗಿ ಉಳಿಯುತ್ತಿತ್ತು. ಆದರೆ ಎರಡು ಪಟ್ಟು ದೊಡ್ಡವನಾದವನು ಅದನ್ನು ಯಾರಿಗೂ ಹೇಳದೆ ಇರುವುದು ಹೇಗೆ? ಮರುದಿನ ರಾಯರು ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಹೋಗಿ, ಮಳೆ, ಹೆಸರುಕಾಳಿನ ಧಾರಣಿ, ಶಾಲೆಯ ಕಂಪೌಂಡು, ಯಾವ ಮಾತು ಬಂದರೂ ಅದನ್ನು ನೂರಾ ಇಪ್ಪತ್ತು ಹರ್ಟ್ಸಿಗೆ ತಂದು ಮುಟ್ಟಿಸಿದರು. ಮಡಿವಾಳೆಪ್ಪನ ತಮ್ಮ ಸುಭಾಸ ಅಲ್ಲೇ ಕೂತಿದ್ದ. ಪಂಪಸೆಟ್ಟಿನ ಮೋಟಾರು ಸುಟ್ಟರೆ ತಂತಿ ಸುತ್ತಿಕೊಡುವುದು ಅವನ ಕಸುಬು. ಅಣ್ಣ ಹುಬ್ಬಳ್ಳಿಯಿಂದ ಬಂದಾಗಿನಿಂದ ಸರಿಯಾಗಿ ಉಂಡಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ರಾಯರ, ಒಂದ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮಲ್ಲಿ ಕರೆಂಟ್ ಬರೂದ ಐವತ್ತು ಹರ್ಟ್ಸ್. ಹರೇಕ ಮೋಟಾರಿನ ಮ್ಯಾಲೆ ಬರದಿರ್ತೈತಿ. ನಿಮ್ಮ ಟಿವಿ ನೂರಾ ಇಪ್ಪತ್ತು ಅಂತೀರಿ. ಉಳದ ಎಪ್ಪತ್ತು ಎಲ್ಲಿಂದ ಬಂತು?"

ಚಹಾ ಸೋಸುತ್ತಿದ್ದವನು ಜಾಲರಿಯನ್ನು ಎತ್ತಿ ಹಿಡಿದು ನಿಂತ. ರಾಯರ ಬಾಯಿಂದ ಒಂದೇ ಒಂದು ಶಬ್ದ ಬಂತು.

"ಎಳಕೊಳ್ತದ."

"ಎಲ್ಲಿಂದ?"

"ಲೈನಿನ್ಯಾಗಿಂದ. ಭಾರಿ ಮಾಲು ಇದ್ರ ಎಳಕೊಳ್ತದಪಾ. ಎಲ್ಲಾ ಟಿವಿಗೂ ಆ ತಾಕತ್ತ ಇರೂದಿಲ್ಲ."

ಆ ಸಂಜೆ ಮಡಿವಾಳೆಪ್ಪನ ಹೆಂಡತಿ ಸಾವಿತ್ರೆವ್ವ ಮಿಕ್ಸರಿನಲ್ಲಿ ಶೇಂಗಾ ಚಟ್ನಿಗೆ ಹಾಕಿದಳು. ಶೇಂಗಾ ಶೇಂಗಾವಾಗಿಯೇ ಉಳಿಯಿತು. ಓಣಿಯ ತುದಿಯ ಶರೀಫಸಾಬನ ಹಿಟ್ಟಿನ ಗಿರಣಿಯಲ್ಲಿ ಜೋಳದ ಹಿಟ್ಟು ರವೆಯಂತೆ ಬಿತ್ತು. ಮನೆಮನೆಯಲ್ಲಿ ರೊಟ್ಟಿ ತಟ್ಟುವಾಗಲೇ ಹರಿದವು. ಮಿಕ್ಸರಿನ ಬ್ಲೇಡು ಹೋದ ವರ್ಷವೇ ಸವೆದಿತ್ತು, ಗಿರಣಿಯ ಕಲ್ಲಿಗೆ ಉಳಿಯಿಂದ ಟಾಕಿ ಹೊಡೆಸಿ ಹರಿತ ಮಾಡಿಸಿ ಬಹಳ ದಿನವಾಗಿತ್ತು. ಆದರೆ ಕಾರಣ ಇಷ್ಟು ಹತ್ತಿರ, ಗೋಡೆಯಾಚೆಯೇ ಸಿಕ್ಕಿರುವಾಗ ಅಷ್ಟು ದೂರ ಹುಡುಕುವವರು ಯಾರು? ಹೊಲಿಗೆಯ ಖಾಸಿಂಬಿ ಕೂಡ ತನ್ನ ಮಿಷನ್ನು ನಿಧಾನವಾಗಿದೆ ಎಂದಳು.

"ಖಾಸಿಂಬಿ, ನಿಂದು ಕಾಲಿಂದ ತುಳಿಯೂ ಮಿಷನ್ನು. ಅದಕ್ಕ ಕರೆಂಟ್ ಎಲ್ಲೈತಿ?" ಎಂದು ಸುಭಾಸ ಕೇಳಿದ.

"ಕರೆಂಟಿನ ಮಿಷನ್ನಿಗೆ ಈ ಗತಿ ಬಂದ್ರ ಬಡವರ ಮಿಷನ್ನಿಂದು ಏನ್ ಕೇಳ್ತಿಯೋ ತಮ್ಮಾ," ಎಂದಳು ಖಾಸಿಂಬಿ.

ಓಣಿಯವರು ರಾಯರ ಮನೆಗೆ ಬಂದರು. ಭೀಮಾಬಾಯಿ ಹೊಸ್ತಿಲಲ್ಲೇ ಅಡ್ಡ ನಿಂತರು. "ಯಾರದರೆ ಸ್ನಾನ ಆಗ್ಯದೇನ್ರೋ? ಆಗದವರು ಹೊರಗ ನಿಂದರ್ರಿ." ಹೀಗಾಗಿ ಮಾತುಕತೆ ಬೀದಿಯಲ್ಲೇ ನಡೆಯಿತು.

"ರಾಯರ, ನಿಮ್ಮ ಐವತ್ತು ನಿಮ್ಮದು," ಎಂದ ಮಡಿವಾಳೆಪ್ಪ. "ಅದಕ್ಕ ನಾವು ಬ್ಯಾಡ ಅನ್ನಂಗಿಲ್ಲ. ಉಳದ ಎಪ್ಪತ್ತು ಓಣಿದು. ತಿರಿಗಿ ಬಿಡ್ರಿ."

"ಬಿಡಲಿಕ್ಕೆ ಅದೇನು ದನಾ ಏನೋ ಮಡಿವಾಳೆಪ್ಪ?"

"ಎಳಕೊಳ್ಳಾಕ ಬರ್ತೈತಿ, ಬಿಡಾಕ ಬರಂಗಿಲ್ಲೇನ್ರಿ?"

ಸಾವಿತ್ರೆವ್ವ ವೃಂದಾಳೊಡನೆ ಮಾತು ಬಿಟ್ಟಳು. ಶರೀಫಸಾಬ ರಾಯರ ಮನೆಯ ಜೋಳದ ಚೀಲವನ್ನು ಬೀಸದೆ ಹಾಗೆಯೇ ಹಿಂದೆ ಕಳಿಸಿದ. "ನಿಮ್ಮ ಜ್ವಾಳಾ ನಿಮ್ಮ ಟಿವಿಯಾಗ ಬೀಸ್ಕೋರಿ" ಎಂಬುದು ಜೊತೆಗೆ ಬಂದ ಸಂದೇಶ. ವೃಂದಾ ಒಂದು ಕಾಳು ಬೀಸಿಸಬೇಕೆಂದರೂ ಬಸ್ಸು ಹತ್ತಿ ಗುಡಗೇರಿಗೆ ಹೋಗಬೇಕಾಯಿತು. ಚೀಲ ಹೊತ್ತು ಹಿಂದಿರುಗಿದವಳು ಅದನ್ನು ರಾಯರ ಪಾದದ ಹತ್ತಿರ ಇಳಿಸಿ ಹೇಳಿದಳು: "ಒಂದೋ ಎಪ್ಪತ್ತು ಅವರಿಗೆ ಕೊಡ್ರಿ, ಇಲ್ಲಾ ಎಪ್ಪತ್ತು ಎಲ್ಲಿಂದರೆ ತರ್ರಿ. ಇನ್ನೊಮ್ಮೆ ನಾ ಗುಡಗೇರಿಗೆ ಹೋಗೂದಿಲ್ಲ."

ಮರುದಿನ ರಾಯರು ಕರೆಂಟ್ ಆಫೀಸಿನಲ್ಲಿದ್ದರು. ಅಲ್ಲಿ ರೋಹಿಣಿ ಮೇಡಂ ಎಂಬ ಕಿರಿಯ ಎಂಜಿನಿಯರು ಹೊಸದಾಗಿ ಬಂದಿದ್ದರು. ರಾಯರ ಅರ್ಜಿ ಮೇಜಿನ ಮೇಲೆ ಬಂತು: 'ನಮ್ಮ ಮನೆಗೆ ಈಗ ಐವತ್ತು ಹರ್ಟ್ಸ್ ಬರುತ್ತಿದ್ದು, ಇನ್ನೂ ಎಪ್ಪತ್ತು ಹರ್ಟ್ಸ್ ಮಂಜೂರು ಮಾಡಬೇಕಾಗಿ ವಿನಂತಿ.' ಅವರ ಬೆನ್ನಿಗೇ ಮಡಿವಾಳೆಪ್ಪ, ಶರೀಫಸಾಬ ಮತ್ತು ಓಣಿಯ ನಾಲ್ಕು ಜನ ಇನ್ನೊಂದು ಅರ್ಜಿ ಇಟ್ಟರು: 'ಸದರಿಯವರು ನಮ್ಮ ಎಪ್ಪತ್ತು ಹರ್ಟ್ಸನ್ನು ಎಳೆದುಕೊಂಡಿದ್ದು, ವಸೂಲು ಮಾಡಿಕೊಡಬೇಕು.'

ರೋಹಿಣಿ ಎರಡನ್ನೂ ಓದಿ, ಇವರೆಲ್ಲ ಕೂಡಿ ತಮ್ಮ ಚೇಷ್ಟೆ ಮಾಡುತ್ತಿದ್ದಾರೆಯೇ ಎಂದು ಲೈನ್‌ಮನ್ ಇಮಾಮುದ್ದೀನನ ಮುಖ ನೋಡಿದರು. ಇದೇ ಊರಿನ ಕಂಬ ಹತ್ತಿಳಿದು ತಲೆ ನರೆತವನು ಅವನು. "ಇಲ್ರಿ ಮೇಡಂ, ಖರೇನ ಕೇಳಾಕತ್ತಾರ," ಎಂದ.

ರೋಹಿಣಿ ಪೆನ್ನು ಕೆಳಗಿಟ್ಟರು. "ನೋಡ್ರಿ, ಹರ್ಟ್ಸ್ ಅನ್ನೂದು ಹಂಚ್ಕೊಳ್ಳೂ ಸಾಮಾನಲ್ಲ. ಕರೆಂಟ್ ತಂತಿಯೊಳಗ ಸೆಕೆಂಡಿಗೆ ಐವತ್ತು ಸಲ ಹಿಂದ ಮುಂದ ಆಡ್ತೈತಿ. ಅಷ್ಟ. ಎಲ್ಲಾರ ಮನ್ಯಾಗೂ ಅಷ್ಟ."

ಮಡಿವಾಳೆಪ್ಪ ಕುರ್ಚಿಯನ್ನು ಮುಂದೆ ಎಳೆದುಕೊಂಡ. "ಹಿಂದ ಸುದ್ಧಾ ಹೋಗ್ತೈತೇನ್ರಿ?"

"ಹೌದ್ರಿ."

"ಅಂದ್ರ ನಮ್ಮ ಮನಿಗೆ ಬಂದದ್ದು ತಿರಿಗಿ ನಿಮ್ಮ ಕಡೆ ಬರ್ತೈತಿ."

"ಹಂಗಲ್ರಿ..."

"ಹಿಂದ ಹೋದದ್ದಕ್ಕೂ ಬಿಲ್ಲ ಹಚ್ಚೀರೇನ್ರಿ ಇಷ್ಟ ದಿನಾ?"

ಬೇರೆ ಕೆಲಸಕ್ಕೆ ಬಂದು ಹೊರಗೆ ನಿಂತಿದ್ದವರೂ ಈಗ ಒಳಗೆ ಬಂದರು. ರೋಹಿಣಿ ಆ ದಾರಿಯನ್ನು ಅವಸರದಿಂದ ಬಿಟ್ಟು ಬೇರೆ ದಾರಿ ಹಿಡಿದರು.

"ಕರೆಂಟಿನ ಹರ್ಟ್ಸ್ ಬ್ಯಾರೆ, ಟಿವಿ ಹರ್ಟ್ಸ್ ಬ್ಯಾರೆ. ಟಿವಿ ಯಾರ ಕಡಿಂದೂ ಎಳಕೊಳ್ಳಂಗಿಲ್ಲ. ತನಗ ಎಷ್ಟ ಬೇಕೋ ಅಷ್ಟು ತನ್ನೊಳಗ ತಾನ ಮಾಡ್ಕೊಳ್ತೈತಿ."

ಇದು ಅಪ್ಪಟ ನಿಜ. ಶರೀಫಸಾಬ ಆ ನಿಜವನ್ನು ಬಾಯಲ್ಲಿಟ್ಟು ನಿಧಾನವಾಗಿ ಅಗಿದ.

"ತಾನ ಮಾಡ್ಕೊಳ್ತೈತಿ?"

"ಹೌದ್ರಿ."

"ಮನ್ಯಾಗ? ಕುಂತಲ್ಲೆ?"

"ಹೌದ್ರಿ!"

ಶರೀಫಸಾಬ ಏಕನಾಥರಾಯರ ಕಡೆ ತಿರುಗಿದ. ಅವನ ಕಣ್ಣಲ್ಲಿ ಈಗ ಬೇರೆಯೇ ಬೆಳಕು ಇತ್ತು.

ಆ ಸಂಜೆ ಶರೀಫಸಾಬ ತಾನೇ ನುಣ್ಣಗೆ ಬೀಸಿದ ಹಿಟ್ಟನ್ನು ಹೊತ್ತು ರಾಯರ ಮನೆಗೆ ಬಂದ. ಸ್ನಾನ ಮಾಡಿಕೊಂಡೇ ಬಂದಿದ್ದ. "ಸಾಹೇಬರ, ಮನ್ಯಾಗ ತಯಾರಾಗೂ ಮಾಲು, ನಿಮಗ ಖರ್ಚಿಲ್ಲ. ಒಂದ ಸಣ್ಣ ವಾಯರ್ ನಮ್ಮ ಗಿರಣಿಗೆ ಎಳಿಸಿಬಿಡ್ರಿ." ಅವನ ಹಿಂದೆ ಫೋನು ಹಿಡಿದವರು ಬಂದರು. ರಾಯರ ಟಿವಿಯ ಕೆಳಗಿಟ್ಟರೆ ಫೋನು ಚಾರ್ಜರು ಇಲ್ಲದೆಯೂ ತುಂಬುತ್ತದೆ ಎಂದು ಯಾರೋ ಹೇಳಿದ್ದರು. ಖಾಸಿಂಬಿ ಮಿಷನ್ನನ್ನೇ ತಂದು ಪಡಸಾಲೆಯಲ್ಲಿ ಇಟ್ಟಳು. "ವಾಯರ್ ಬ್ಯಾಡ್ರಿ ನನಗ. ಅದರ ಗಾಳಿ ತಾಗಿದ್ರ ಸಾಕು."

ಮಿಷನ್ನು ಜೋರಾಗಿ ಓಡಿತೆಂದು ಖಾಸಿಂಬಿ ಆಣೆ ಮಾಡಿ ಹೇಳಿದಳು.

ರಾಯರು ಯಾರಿಗೂ ಇಲ್ಲ ಎನ್ನಲಿಲ್ಲ. ಕಟ್ಟೆಯ ಮೇಲೆ ಕೂತು, "ಇರಲಿ, ಇರಲಿ, ಎಲ್ಲಾರಿಗೂ ಆಗ್ತದ" ಎನ್ನುತ್ತಿದ್ದರು. ಹೆಂಡತಿ ಮಾತ್ರ, "ನಿಮಗ ಒಂದರೆ ತಿಳದು ಮಾತಾಡ್ಲಿಕತ್ತೀರೇನು?" ಎಂದು ಕೇಳಿದಳು. ಅಷ್ಟರಲ್ಲಿ ಇನ್ನೊಬ್ಬರು ಫೋನು ಹಿಡಿದು ಬಂದದ್ದರಿಂದ ಉತ್ತರ ಕೊಡುವ ಸಂಕಟ ತಪ್ಪಿತು.

ಇಡೀ ಓಣಿಯಲ್ಲಿ ಕರಗದೆ ಉಳಿದವನು ಮಡಿವಾಳೆಪ್ಪ ಒಬ್ಬನೇ. ಅವನು ಬರೆಸಿದ ಹೊಸ ದೂರು ರೋಹಿಣಿಯವರ ಮೇಜಿಗೆ ಬಂತು: 'ಏಕನಾಥರಾವ್ ಗಲಗಲಿ ಇವರು ಪರವಾನಗಿ ಇಲ್ಲದೆ ಮನೆಯಲ್ಲಿ ಹರ್ಟ್ಸ್ ತಯಾರಿಸಿ ಸಾರ್ವಜನಿಕರಿಗೆ ಹಂಚುತ್ತಿದ್ದಾರೆ.'

"ಇಮಾಮುದ್ದೀನಣ್ಣಾ, ಗಾಡಿ ತಗೀರಿ," ಎಂದರು ರೋಹಿಣಿ.

ಅವರು ಬಂದಾಗ ಓಣಿಗೆ ಓಣಿಯೇ ರಾಯರ ಪಡಸಾಲೆಯಲ್ಲಿ ತುಂಬಿತ್ತು. ರೋಹಿಣಿ ಮೇಡಂ ಟಿವಿ ಬಂದ ರಟ್ಟಿನ ಖೋಕಾ ಕೇಳಿದರು. ವೃಂದಾ ಅಟ್ಟದಿಂದ ಇಳಿಸಿದಳು. ಭೀಮಾಬಾಯಿ ಅದರಲ್ಲಿ ಶಾವಿಗೆ ತುಂಬಿಟ್ಟಿದ್ದರು. ಮುಂದುಗಡೆ ಅಂಗೈಯಷ್ಟು ದೊಡ್ಡ ಅಕ್ಷರದಲ್ಲಿ ನೂರಾ ಇಪ್ಪತ್ತು ಎಂದಿತ್ತು. ರೋಹಿಣಿ ಖೋಕಾ ತಿರುಗಿಸಿ, ಕಣ್ಣು ಕಿರಿದು ಮಾಡಿ, ಬದಿಯಲ್ಲಿದ್ದ ಇರುವೆ ಅಕ್ಷರ ಓದಿದರು.

"ರಾಯರ, ಇದರ ಪರದೆ ಅರವತ್ತರದು. ಮೊದಲಿಂದನೂ ಅರವತ್ತ. ಈ ನೂರಾ ಇಪ್ಪತ್ತು ಅಂದ್ರ, ಎರಡು ಚಿತ್ರದ ನಡುವ ಇನ್ನೊಂದು ಚಿತ್ರಾ ಟಿವಿ ತಾನ ಊಹಾ ಮಾಡಿ ತುರುಕ್ತೈತಿ, ಆ ಲೆಕ್ಕ. ಖರೇ ಹೇಳಬೇಕಂದ್ರ ನಿಮ್ಮ ಧಾರಾವಾಹಿ ಬರೂದ ಸೆಕೆಂಡಿಗೆ ಇಪ್ಪತ್ತೈದು ಚಿತ್ರ."

ನೂರಾ ಇಪ್ಪತ್ತು ಇದ್ದದ್ದು ಜನರ ಕಣ್ಣೆದುರಿಗೇ ಅರವತ್ತಾಯಿತು. ಅರವತ್ತು ಇದ್ದದ್ದು ಇಪ್ಪತ್ತೈದಾಯಿತು. ಸಾವಿತ್ರೆವ್ವ ಗಂಡನ ತೋಳು ಹಿಡಿದು ಜಗ್ಗಿದಳು. "ಏನ್ರೀ, ಆ ಮೇಡಂ ಬಾಯಿ ಮುಚ್ಚಿಸ್ರಿ! ಇನ್ನೊಂದೀಟ ಮಾತಾಡಿದ್ರ ಪೂರಾ ಖಾಲಿ ಮಾಡಿ ಹೋಗ್ತಾರ!"

ರೋಹಿಣಿ ಮೇಡಂ ಗಾಡಿ ಹತ್ತಿ ಹೋದ ಮೇಲೆ ಓಣಿಯಲ್ಲಿ ಒಂದೇ ಮಾತು: ಆಫೀಸಿನವರು ಅರವತ್ತು ಹರ್ಟ್ಸ್ ಜಪ್ತಿ ಮಾಡಿಕೊಂಡು ಹೋದರು. ಹೇಗೆ ಒಯ್ದರು ಎಂಬುದನ್ನು ಶರೀಫಸಾಬ ಕಣ್ಣಾರೆ ಕಂಡಿದ್ದ. ಖೋಕಾ ತಿರುಗಿಸುವಾಗ ಮೇಡಂ ಕೈ ಒಳಗೆ ಹೋಗಿತ್ತಂತೆ.

ಏಕನಾಥರಾಯರು ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಆಮೇಲೆ, ಇಷ್ಟು ದಿನದಲ್ಲಿ ಮೊದಲ ಸಲ ಒಂದು ಒಳ್ಳೆಯ ಕೆಲಸ ಮಾಡಿದರು. ಸೀದಾ ಮಡಿವಾಳೆಪ್ಪನ ಮನೆಗೆ ಹೋದರು.

"ಮಡಿವಾಳೆಪ್ಪ, ಖರೇ ಹೇಳ್ತೀನಿ ಕೇಳು. ನಂದೂ ಅರವತ್ತ, ನಿಂದೂ ಅರವತ್ತ. ನಾ ಎಳಕೊಂಡೂ ಇಲ್ಲ, ಮಾಡೂ ಇಲ್ಲ. ಅಂಗಡ್ಯಾಗ ಆ ಹುಡಿಗಿ ಹೇಳ್ಲಿಕ್ಕೆ ಬಂದಿದ್ಳು, ನಾ ಕೇಳ್ಳಿಲ್ಲ. ನಿನ್ನ ಮುಂದ ದೊಡ್ಡವ ಆಗಬೇಕಂತ ಹಿಂಗ ಮಾಡಿದೆ."

ಮಡಿವಾಳೆಪ್ಪ ರಾಯರ ಕೈ ಹಿಡಿದುಕೊಂಡ. "ಹೆದರಿಸ್ಯಾರೇನ್ರಿ ನಿಮ್ಮನ್ನ?"

"ಯಾರು?"

"ಆಫೀಸಿನವರು. ಹಿಂಗ ಹೇಳಂತ ಬರೆಸಿ ಸಹಿ ಮಾಡಿಸ್ಯಾರೇನು? ನಾ ದೂರು ಕೊಟ್ಟದ್ದು ಖರೆ, ಒಪ್ಕೊಳ್ತೀನಿ. ಆದ್ರ ಅದು ನಮ್ಮ ನಮ್ಮೊಳಗಿನ ಜಗಳ. ಹೊರಗಿನವರು ಬಂದು ನಮ್ಮ ಓಣಿ ಮಾಲು ಹೊತ್ಕೊಂಡು ಹೋಗಾಕ ನಾ ಬಿಡಂಗಿಲ್ಲ."

"ಲೇ ಮಡಿವಾಳೆಪ್ಪ, ಮಾಲು ಅನ್ನೂದ ಇಲ್ಲೋ..."

"ಅಂಜಬ್ಯಾಡ್ರಿ," ಎಂದು ಮಡಿವಾಳೆಪ್ಪ ಅವರ ಹೆಗಲ ಮೇಲೆ ಕೈ ಇಟ್ಟ. "ನಾ ಅದೀನಿ."

ಮರುದಿನ ಮಡಿವಾಳೆಪ್ಪನ ಟ್ರ್ಯಾಕ್ಟರಿನಲ್ಲಿ ಓಣಿಯ ಗಂಡಸರು, ಹೆಂಗಸರು ತುಂಬಿಕೊಂಡು ಕರೆಂಟ್ ಆಫೀಸಿಗೆ ಹೊರಟರು. ರಾಯರನ್ನು ಎಂಜಿನ್ನಿನ ಮಡಗಾರ್ಡ್ ಮೇಲೆ, ಎಲ್ಲರಿಗೂ ಕಾಣುವಂತೆ ಕೂರಿಸಿದ್ದರು. ಅವರು ಇಳಿಯಲು ನೋಡಿದಾಗಲೆಲ್ಲ ಸುಭಾಸ ಹಿಂದಿನಿಂದ ಹಿಡಿದುಕೊಳ್ಳುತ್ತಿದ್ದ. "ನಮ್ಮ ಹರ್ಟ್ಸ್ ನಮಗ ಕೊಡ್ರಿ!" ಎಂಬ ಕೂಗು ಬಜಾರದ ಉದ್ದಕ್ಕೂ ಕೇಳಿತು. ಅಂಗಡಿಯವರೂ ಹೊರಬಂದು ದನಿಗೂಡಿಸಿದರು. ಅವರಿಗೆ ಹರ್ಟ್ಸ್ ಎಂದರೆ ಏನೆಂದು ತಿಳಿದಿರಲಿಲ್ಲ, ಆದರೆ ತಮಗೂ ಬಂದಿಲ್ಲ ಎಂಬುದು ಖಚಿತವಾಗಿತ್ತು.

ರೋಹಿಣಿ ಮೇಡಂ ಕಿಟಕಿಯಿಂದ ನೋಡಿ ಬೆವರಿದರು. ಮತ್ತೊಮ್ಮೆ ವಿವರಿಸಲು ಎದ್ದವರನ್ನು ಇಮಾಮುದ್ದೀನ ತಡೆದ.

"ಮೇಡಂ, ನೀವು ಹೇಳಿದಷ್ಟೂ ಕಡಿಮಿ ಆಗಾಕತ್ತೈತಿ. ನೀವು ಕುಂದರ್ರಿ. ನಾ ಹೋಗಿ ಕೊಟ್ಟ ಬರ್ತೀನಿ."

"ಏನ ಕೊಡ್ತೀರಿ?"

"ಹೋದದ್ದನ್ನ."

ಇಮಾಮುದ್ದೀನ ಓಣಿಯವರೊಡನೆ ಅದೇ ಟ್ರ್ಯಾಕ್ಟರ್ ಹತ್ತಿ ರಾಯರ ಮನೆಗೆ ಬಂದು, ಭೀಮಾಬಾಯಿಯ ಅಪ್ಪಣೆಯಂತೆ ಬಚ್ಚಲಿಗೆ ಹೋಗಿ ಬಂದು, ರಿಮೋಟು ಹಿಡಿದ. ಸೆಟ್ಟಿಂಗಿನಲ್ಲಿ ಮೋಶನ್ ಎಂಬ ಒಂದು ಸಾಲು ಬಂದ್ ಆಗಿತ್ತು. ಅದನ್ನು ಚಾಲೂ ಮಾಡಿದ. ತಟ್ಟನೆ ಧಾರಾವಾಹಿಯ ಅತ್ತೆ ಸೊಸೆಯರು ಎಣ್ಣೆ ಬಿಟ್ಟ ಹಾಗೆ ನುಣ್ಣಗೆ ಓಡಾಡತೊಡಗಿದರು. ಕಣ್ಣು ಮಿಟುಕಿಸಿದರೆ ಕಾಣುತ್ತಿತ್ತು, ಕೈ ಬೀಸಿದರೆ ಗಾಳಿ ಬಂದಂತಿತ್ತು. ಕಥೆಯೊಳಗಿನವರಂತೆ ಅವರು ಕಾಣಲೇ ಇಲ್ಲ. ಪಕ್ಕದ ಮನೆಯಲ್ಲಿ ಜಗಳವಾಡುವವರಂತೆ ಕಂಡರು.

"ಅಯ್ಯ ನಮ್ಮವ್ವಾ," ಎಂದು ಭೀಮಾಬಾಯಿ ಸೆರಗು ಸರಿಮಾಡಿಕೊಂಡರು. "ಒಳಗ ಬಂದಬಿಟ್ಟರಲ್ಲೋ ಇವರು!"

ಓಣಿ ಚಪ್ಪಾಳೆ ತಟ್ಟಿತು. ಹರ್ಟ್ಸು ಹಿಂದಿರುಗಿತ್ತು.

ಮುಂದಿನ ಭಾನುವಾರ ಸಮುದಾಯ ಭವನದಲ್ಲಿ ರೋಹಿಣಿ ಮೇಡಂ ಅವರಿಗೆ ಸತ್ಕಾರ ಏರ್ಪಟ್ಟಿತು. ಜಪ್ತಿಯಾದ ಹರ್ಟ್ಸನ್ನು ಸರಕಾರದಿಂದ ಬಿಡಿಸಿ ತಂದ ಅಧಿಕಾರಿ ಈ ಭಾಗದಲ್ಲಿ ಇವರೇ ಮೊದಲು ಎಂದು ಸ್ವಾಗತ ಭಾಷಣದಲ್ಲಿ ಸುಭಾಸ ಹೇಳಿದ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ರೋಹಿಣಿಗೆ ಅಳು ಬಂದಂತಾಗಿತ್ತು. ಈ ಜನಕ್ಕೆ ಅವರು ಎರಡು ಸಲ ನಿಜ ಹೇಳಿದಾಗ ಒಂದು ಲೋಟ ನೀರು ಕೂಡ ಯಾರೂ ಕೊಟ್ಟಿರಲಿಲ್ಲ. ಮಾತಾಡಲು ಕರೆದಾಗ ಅವರು ಮೂರನೆಯ ಸಲ ಪ್ರಯತ್ನಿಸಿದರು. "ಹರ್ಟ್ಸ್ ಅಂದ್ರ..." ಎಂದದ್ದೇ ತಡ, ಸಭೆ ಎದ್ದು ಚಪ್ಪಾಳೆ ತಟ್ಟಿತು. ಚಪ್ಪಾಳೆ ನಿಲ್ಲುವ ಲಕ್ಷಣ ಕಾಣದೆ ಅವರು ಕೈಮುಗಿದು ಕೂತರು.

ವಂದನಾರ್ಪಣೆ ಏಕನಾಥರಾಯರದು. ವೃಂದಾ ಮುಂದಿನ ಸಾಲಿನಲ್ಲಿ ಸಾವಿತ್ರೆವ್ವನ ಪಕ್ಕ ಕೂತು ಅವರನ್ನೇ ನೋಡುತ್ತಿದ್ದಳು. ರಾಯರು ಮೈಕಿನ ಮುಂದೆ ನಿಂತರು. ಕಿಸೆಯಲ್ಲಿದ್ದ ಚೀಟಿ ತೆಗೆಯಲಿಲ್ಲ.

"ಮಹನೀಯರೇ, ಈ ಮೇಡಂ ಏನೂ ಒಯ್ದಿರಲಿಲ್ಲ. ಹಂಗಾಗಿ ಏನೂ ತಿರಿಗಿ ತಂದಿಲ್ಲ. ನನ್ನ ಟಿವಿ ಅರವತ್ತು. ಅವತ್ತೂ ಅರವತ್ತು, ಇವತ್ತೂ ಅರವತ್ತು. ನೂರಾ ಇಪ್ಪತ್ತು ಅಂದವ ನಾನು. ತಪ್ಪು ನನ್ನದು. ಎಲ್ಲಾರೂ ಕ್ಷಮಾ ಮಾಡ್ರಿ."

ರೋಹಿಣಿ ತಲೆ ಎತ್ತಿದರು. ವೃಂದಾಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಗಂಡನ ಬಗ್ಗೆ ಒಂದು ಮೆಚ್ಚುಗೆ ಮೂಡುತ್ತಿತ್ತು. ಅಷ್ಟರಲ್ಲಿ ಮಡಿವಾಳೆಪ್ಪ ಎದ್ದ. ಕಣ್ಣೊರೆಸಿಕೊಳ್ಳುತ್ತ ವೇದಿಕೆ ಹತ್ತಿ ಮೈಕು ಹಿಡಿದ.

"ಕೇಳಿದ್ರೇನ್ರಿ? ಎಂಥಾ ದೊಡ್ಡ ಮನಸು ನೋಡ್ರಿ! ಇಮಾಮುದ್ದೀನಣ್ಣ ನೂರಾ ಇಪ್ಪತ್ತೂ ತಂದು ಅವರ ಮನ್ಯಾಗ ಹಾಕಿದ್ದನ್ನ ನಾವು ನೀವು ಕಣ್ಣಿಂದ ನೋಡೇವಿ. ಇವತ್ತ ಅವರು ಏನಂತಾರ? ನಂದು ಬರೇ ಅರವತ್ತು ಅಂತಾರ! ಹಂಗಾರ ಉಳದ ಅರವತ್ತು ಎಲ್ಲಿ ಹೋತು? ಓಣಿಗೆ ಬಿಟ್ಟಾರ್ರಿ, ಓಣಿಗೆ! ಬಾಯಿ ಬಿಟ್ಟು ಹೇಳಿಕೊಳ್ಳಾಕ ನಾಚಿಕೊಂಡು ತಪ್ಪು ನಂದು ಅನ್ನಾಕತ್ತಾರ. ಮೂರ ದಿನದಿಂದ ನಮ್ಮ ಮನಿ ಟಿವಿಯಾಗ ಚಿತ್ರ ಹಿಂಗ್ಯಾಕ ಥಳಥಳಾ ಹೊಳ್ಯಾಕತ್ತೈತಿ ಅಂತ ಸಾವಿತ್ರಿ ಕೇಳಾಕತ್ತಿದ್ಲು. ನನಗ ಈಗ ತಿಳೀತು!"

"ಹೌದ್ರೀ, ನಮ್ಮನ್ಯಾಗೂ!" ಎಂದು ಯಾರೋ ಹಿಂದಿನಿಂದ ಕೂಗಿದರು. "ನಮ್ಮ ಫ್ಯಾನ್ ಸುದ್ಧಾ!" ಎಂದರು ಇನ್ನೊಬ್ಬರು. ಮೇಡಂ ಕೊರಳಿಗೆ ಹಾಕಿದ ಮೇಲೆ ಒಂದು ಮಾಲೆ ಉಳಿದಿತ್ತು. ಶರೀಫಸಾಬ ಅದನ್ನು ಹಿಡಿದು ವೇದಿಕೆಯ ಮೆಟ್ಟಿಲು ಹತ್ತತೊಡಗಿದ.

"ಹಂಗಲ್ಲೋ ಮಡಿವಾಳೆಪ್ಪ," ಎಂದು ರಾಯರು ಮತ್ತೆ ಮೈಕಿಗೆ ಕೈ ಚಾಚಿದರು. "ನಾ ಹೇಳೂದು ಪೂರಾ ಕೇಳ್ರಿ..."

ಪಕ್ಕದ ಕುರ್ಚಿಯಿಂದ ರೋಹಿಣಿ ಮೇಡಂ ರಾಯರ ಅಂಗಿಯ ಚುಂಗು ಹಿಡಿದು ಮೆಲ್ಲಗೆ ಜಗ್ಗಿದರು.

"ಸರ್, ಕುಂತಬಿಡ್ರಿ. ನೀವು ಇನ್ನೊಂದ ಮಾತ ಹೇಳಿದ್ರ ಟ್ರ್ಯಾಕ್ಟರ್ ಮತ್ತ ಬರ್ತೈತಿ, ನಾಳೆ ಮುಂಜಾನೆ ಆಫೀಸಿನ ಬಾಗಲಾ ತಗಿಯಾಕಿ ನಾನು."

ಏಕನಾಥರಾಯರು ಕೂತರು.